ಕಾರ್ಖಾನೆ ಕೇರಿಗಳ ಮಕ್ಕಳ ಹಲ್ಲು

ಪೀಣ್ಯದ ಯಂತ್ರಶಾಲೆಗಳೂ, ವೈಟ್‌ಫೀಲ್ಡಿನ ಗಣಕ ಸೌಧಗಳೂ, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳೂ ಬೆಂಗಳೂರಿನ ಹೆಸರನ್ನು ದೇಶಾಂತರಗಳಿಗೆ ಮುಟ್ಟಿಸಿರುವುವೆಂಬುದು ಸರ್ವವಿದಿತವಾದ ಸಂಗತಿ. ೧೯೭೮ರಲ್ಲಿ ಕೋನಪ್ಪನ ಅಗ್ರಹಾರದ ಹೊಲಗಳಲ್ಲಿ ಕಿಯೋನಿಕ್ಸ್ ಸಂಸ್ಥೆಯವರು ಬಿತ್ತಿದ ಬೀಜವು ಇಂದು ಹೆಮ್ಮರವಾಗಿದೆ. ಈ ಅಭ್ಯುದಯವನ್ನು ಕಂಡು ಹಿಗ್ಗದ ಕನ್ನಡಿಗನಿಲ್ಲ. ಆದರೆ ಈ ಮರದ ನೆರಳಿನಲ್ಲಿ, ದಾಸರಹಳ್ಳಿಯ ವಠಾರಗಳಲ್ಲಿ, ಕಾಡುಗೋಡಿಯ ಶೀಟು ಮನೆಗಳಲ್ಲಿ, ಹೆಬ್ಬಗೋಡಿಯ ಒಂಟಿ ಕೋಣೆಗಳಲ್ಲಿ ಬೆಳೆಯುತ್ತಿರುವ ಮಕ್ಕಳ ಬಾಯನ್ನು ತೆರೆಸಿ ನೋಡಿದವರು ಎಷ್ಟು ಮಂದಿ? ನೋಡಿದವರಿಗೆ ಕಾಣುವುದು ಕಪ್ಪುಗಟ್ಟಿದ ಮುಂಬಲ್ಲುಗಳು, ಕುಳಿಬಿದ್ದ ದವಡೆ ಹಲ್ಲುಗಳು, ಒಂದೇ ಪಕ್ಕದಲ್ಲಿ ಅಗಿಯುವುದನ್ನು ರೂಢಿಮಾಡಿಕೊಂಡ ಎಳೆಯ ಮುಖಗಳು. ಇದನ್ನು ಕ್ಷುಲ್ಲಕ ವಿಷಯವೆಂದು ಭಾವಿಸುವ ಮಹನೀಯರು ಒಂದು ರಾತ್ರಿ ಹಲ್ಲುನೋವಿನಿಂದ ನಿದ್ರೆಗೆಟ್ಟ ಮಗುವಿನ ಬಳಿ ಕುಳಿತು ನೋಡಲಿ ಎಂದಷ್ಟೇ ಹೇಳುತ್ತೇವೆ.

ಈ ವ್ಯಾಧಿಯು ನಮ್ಮ ಊರಿಗೆ ಮಾತ್ರ ಸೇರಿದುದಲ್ಲ. ೨೦೨೨ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಪ್ರಕಟಿಸಿದ ವರದಿಯ ಪ್ರಕಾರ, ಹಾಲುಹಲ್ಲಿನ ಹುಳುಕಿಗೆ ತುತ್ತಾದ ಮಕ್ಕಳು ಜಗತ್ತಿನಲ್ಲಿ ಸುಮಾರು ೫೧ ಕೋಟಿ. ಆದರೆ ಲೋಕದ ಪಾಡೇ ಹೀಗಿರುವಾಗ ನಮ್ಮದೇನು ಹೆಚ್ಚು ಎಂದು ಸುಮ್ಮನಿರುವುದು ಬುದ್ಧಿವಂತರ ಮಾತಲ್ಲ. ಉಪಾಯವಿಲ್ಲದ ರೋಗಕ್ಕೆ ಸೈರಣೆಯೇ ಮದ್ದು. ಉಪಾಯವಿರುವ ರೋಗವನ್ನು ಸೈರಿಸುವುದಕ್ಕೆ ಉದಾಸೀನವೆಂದೇ ಹೆಸರು.

ಉದಾಸೀನದ ಮೂಲವು ಒಂದು ತಪ್ಪು ನಂಬಿಕೆಯಲ್ಲಿದೆ. “ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುವುದು” ಎಂಬ ಮಾತನ್ನು ಓದುಬರಹ ಬಲ್ಲ ಮನೆಗಳಲ್ಲಿಯೂ ಕೇಳುತ್ತೇವೆ. ಮುಂಬಲ್ಲುಗಳು ಆರೇಳು ವರ್ಷಕ್ಕೆ ಬೀಳುವುದು ನಿಜ. ಆದರೆ ದವಡೆಯ ಹಾಲುಹಲ್ಲುಗಳು ಹತ್ತು ಹನ್ನೆರಡು ವರ್ಷಗಳವರೆಗೂ ಇರತಕ್ಕವು. ಮಗು ರೊಟ್ಟಿಯನ್ನು ಅಗಿಯಬೇಕಾದುದು ಅವುಗಳಿಂದಲೇ. ಅವು ಅಕಾಲದಲ್ಲಿ ಹೋದರೆ ಪಕ್ಕದ ಹಲ್ಲುಗಳು ಆ ತೆರಪಿಗೆ ಸರಿದು, ಮುಂದೆ ಹುಟ್ಟುವ ಹಲ್ಲಿಗೆ ಎಡೆಯಿಲ್ಲದಂತಾಗಿ ಸಾಲು ಸೊಟ್ಟಗಾಗುವುದು. ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಸುಮಾರು ಆರನೆಯ ವರ್ಷದಲ್ಲಿ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಹಿಂದೆ ಒಂದು ದೊಡ್ಡ ದವಡೆ ಹಲ್ಲು ಹುಟ್ಟುವುದು. ಅದು ಜೀವಮಾನದ ಹಲ್ಲು. ತಾಯಿತಂದೆಗಳು ಅದನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕಾದರೂ ಬಿದ್ದು ಹೊಸದು ಬರುವುದೆಂದು ಕಾಯುತ್ತಾರೆ. ಹೊಸದು ಬರುವುದೇ ಇಲ್ಲ. ಒಂದನೆಯ ತರಗತಿಯ ಮಗು ಹೀಗೆ ಕಳೆದುಕೊಂಡ ಹಲ್ಲಿನ ನಷ್ಟವನ್ನು ಅರುವತ್ತು ವರ್ಷ ಅನುಭವಿಸಬೇಕು.

ಹುಳುಕೆಂದರೆ ಹಲ್ಲಿನೊಳಗೆ ಹುಳು ಹೊಕ್ಕುದಲ್ಲ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲವನ್ನು ಹುಟ್ಟಿಸುವುವು. ಆ ಆಮ್ಲವು ಹಲ್ಲಿನ ಹೊರಗವಚವನ್ನು ಕರಗಿಸುವುದು. ತಿಂದ ಸಕ್ಕರೆಯ ತೂಕಕ್ಕಿಂತ, ದಿನಕ್ಕೆ ಎಷ್ಟು ಸಲ ತಿಂದರೆಂಬುದೇ ಇಲ್ಲಿ ಹೆಚ್ಚಿನ ಮಾತು. ಕಾರ್ಖಾನೆ ಕೇರಿಯ ಬಾಳುವೆಯನ್ನು ಬಲ್ಲವರಿಗೆ ಉಳಿದುದನ್ನು ವಿವರಿಸಬೇಕಾಗಿಲ್ಲ. ತಾಯಿಯು ಸಿದ್ಧ ಉಡುಪಿನ ಕಾರ್ಖಾನೆಗೆ ಬೆಳಗ್ಗೆಯೇ ಹೊರಡುವಳು. ತಂದೆಯು ರಾತ್ರಿ ಪಾಳಿ ಮುಗಿಸಿ ಮಲಗಿರುವನು. ಮಗುವಿನ ಕೈಗೆ ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ, ಚಹಾದಲ್ಲಿ ಅದ್ದಿದ ಬನ್ನು, ಸಂಜೆ ಶಾಲೆಯ ಮುಂದಣ ಅಂಗಡಿಯ ಮಿಠಾಯಿ. ಅಳುವ ಕೂಸನ್ನು ಮಲಗಿಸಲು ಸಕ್ಕರೆ ಬೆರೆಸಿದ ಹಾಲಿನ ಬಾಟಲಿ. ಹಳ್ಳಿಯಲ್ಲಿ ರಾಗಿಮುದ್ದೆ, ಸೊಪ್ಪು, ಹುರಿಗಡಲೆಗಳಿಂದ ಬೆಳೆದ ಮನೆತನಗಳೇ ಇಲ್ಲಿಗೆ ಬಂದು ಈ ಆಹಾರಕ್ಕೆ ಒಗ್ಗಿಕೊಂಡಿವೆ. ಇದಕ್ಕೆ ದುಡಿಯುವ ತಾಯಿಯನ್ನು ನಿಂದಿಸುವುದು ನ್ಯಾಯವಲ್ಲ. ಅವಳಿಗೆ ಬಿಡುವೂ ಇಲ್ಲ, ಹೇಳಿಕೊಡುವವರೂ ಇಲ್ಲ.

ಚಿಕಿತ್ಸೆಯು ದುಬಾರಿಯೆಂಬ ಭಯವೂ ಜನರಲ್ಲಿ ಬೇರೂರಿದೆ. ವಿಷಯವು ಹಾಗಿಲ್ಲ. ಕುಳಿಯು ಚಿಕ್ಕದಾಗಿರುವಾಗಲೇ ಮೆತ್ತಗಾದ ಭಾಗವನ್ನು ಕೈಯುಪಕರಣದಿಂದ ಕೆರೆದು ತೆಗೆದು, ಗ್ಲಾಸ್ ಅಯನೊಮರ್ ಎಂಬ ಸಿಮೆಂಟಿನಿಂದ ತುಂಬಿಬಿಡಬಹುದು. ಅದು ಹಲ್ಲಿಗೆ ತಾನಾಗಿ ಅಂಟಿಕೊಳ್ಳುವುದಲ್ಲದೆ, ಹಲ್ಲನ್ನು ಗಟ್ಟಿಗೊಳಿಸುವ ಫ್ಲೋರೈಡನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಿರುವುದು. ಈ ಕ್ರಮಕ್ಕೆ ಕೊರೆಯುವ ಯಂತ್ರವಾಗಲಿ, ವಿದ್ಯುಚ್ಛಕ್ತಿಯಾಗಲಿ, ಅನೇಕ ವೇಳೆ ಸೂಜಿಮದ್ದಾಗಲಿ ಬೇಡ. ಶಾಲೆಯ ಬೆಂಚಿನ ಮೇಲೆಯೇ ನಡೆಯಬಲ್ಲುದು. ಕೆಲವು ಹುಳುಕುಗಳಿಗೆ ಸಿಲ್ವರ್ ಡೈಅಮೀನ್ ಫ್ಲೋರೈಡೆಂಬ ದ್ರಾವಣವನ್ನು ಹಚ್ಚಿದರೂ ಸಾಕು, ಆ ಜಾಗವು ಕಪ್ಪಾದರೂ ಹುಳುಕು ನಿಲ್ಲುವುದು. ಇವೆರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೧ರಲ್ಲಿ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿರುವರು. ಪಾದರಸ ಬೆರೆತ ಹಳೆಯ ಬೆಳ್ಳಿಯ ತುಂಬುವಿಕೆಯನ್ನು ಹದಿನೈದು ವರ್ಷದೊಳಗಿನವರಿಗೆ, ವೈದ್ಯರು ಅಗತ್ಯವೆಂದು ಕಂಡ ಸಂದರ್ಭದ ಹೊರತು, ಬಳಸಬಾರದೆಂದು ಮಿನಮಾಟಾ ಒಪ್ಪಂದದ ರಾಷ್ಟ್ರಗಳು ೨೦೨೨ರಲ್ಲಿ ನಿಶ್ಚಯಿಸಿದವು. ಭಾರತವೂ ಆ ಒಪ್ಪಂದಕ್ಕೆ ಸೇರಿದೆ. ಹೀಗಿರಲಾಗಿ, ಅಗ್ಗವೂ ಸುಲಭವೂ ಆದ ಕ್ರಮವನ್ನು ಬಿಟ್ಟು, ಹುಳುಕು ನರಕ್ಕೆ ಮುಟ್ಟಿ ಕೀವುಗಟ್ಟುವವರೆಗೂ ಕಾದು, ಬಳಿಕ ಸಾವಿರಾರು ರೂಪಾಯಿ ಸುರಿಯುವುದು ಅಥವಾ ಹಲ್ಲನ್ನೇ ಕೀಳಿಸುವುದು ಯಾವ ಮಿತವ್ಯಯ?

“ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ” ಎಂಬ ಗಾದೆಯು ನಮ್ಮ ನಾಡಿನ ದಂತವೈದ್ಯಕ್ಕೆ ಅಕ್ಷರಶಃ ಒಪ್ಪುವುದು. ಕರ್ನಾಟಕದಲ್ಲಿ ನಲವತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ. ಬೆಂಗಳೂರಿನ ಕೋಟೆಯ ಬಳಿಯ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಷ್ಟು ಹಿಂದೆಯೇ ಸ್ಥಾಪಿತವಾಯಿತು. ವೈಟ್‌ಫೀಲ್ಡಿನ ನಲ್ಲೂರಹಳ್ಳಿಯಲ್ಲಿ ವೈದೇಹಿ ದಂತವೈದ್ಯ ಕಾಲೇಜೂ, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಆಕ್ಸ್‌ಫರ್ಡ್ ದಂತವೈದ್ಯ ಕಾಲೇಜೂ ಇವೆ, ಪೀಣ್ಯದಲ್ಲಿ ಇ. ಎಸ್. ಐ. ಆಸ್ಪತ್ರೆಯಿದೆ. ೧೯೪೮ರ ಶಾಸನದಿಂದ ಹುಟ್ಟಿದ ಇ. ಎಸ್. ಐ. ವ್ಯವಸ್ಥೆಯು ಕಾರ್ಮಿಕನಿಗಲ್ಲದೆ ಅವನ ಮಕ್ಕಳಿಗೂ ಚಿಕಿತ್ಸೆಯನ್ನು ಒದಗಿಸುವುದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಮಕ್ಕಳ ಹಲ್ಲಿನ ಪರೀಕ್ಷೆಯೂ ಅಡಕವಾಗಿದೆ. ಕೊರತೆಯಾವುದು? ವೈದ್ಯನೂ ಮಗುವೂ ಒಂದೆಡೆ ಸೇರುವ ಏರ್ಪಾಡಿನ ಕೊರತೆ. ಆಸ್ಪತ್ರೆಗೆ ಹೋಗಬೇಕಾದರೆ ತಾಯಿಗೆ ಒಂದು ದಿನದ ಕೂಲಿ ಹೋಗುವುದು. ಗುತ್ತಿಗೆಯವರ ಕೈಕೆಳಗೆ ದುಡಿಯುವ ಎಷ್ಟೋ ಮಂದಿಗೆ ವಿಮೆಯ ಚೀಟಿಯೇ ಇಲ್ಲ. ಶಾಲೆಯಲ್ಲಿ ಪರೀಕ್ಷಿಸಿ “ದಂತವೈದ್ಯರಿಗೆ ತೋರಿಸಿರಿ” ಎಂದು ಬರೆದುಕೊಟ್ಟ ಕಾಗದದಿಂದ ಕುಳಿಯು ತುಂಬುವುದಿಲ್ಲ.

ಕಳೆದ ದಶಕದಲ್ಲಿ ನಮ್ಮ ಸರ್ಕಾರದವರು ದಂತಭಾಗ್ಯವೆಂಬ ಯೋಜನೆಯಿಂದ ಬಡ ವೃದ್ಧರಿಗೆ ಕೃತಕ ದಂತಪಂಕ್ತಿಯನ್ನು ಕಟ್ಟಿಸಿಕೊಡಲು ಮುಂದಾದರು. ಅದು ಪುಣ್ಯಕಾರ್ಯ, ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಬೊಚ್ಚುಬಾಯಿಗೆ ಹಲ್ಲು ಕಟ್ಟಿಸುವ ಸರ್ಕಾರವು ಎಳೆಯ ಬಾಯಿಯಲ್ಲಿರುವ ಹಲ್ಲನ್ನು ಉಳಿಸಲು ಅಷ್ಟೇ ಉತ್ಸಾಹವನ್ನು ತೋರಬೇಡವೆ? ನ್ಯೂಜಿಲೆಂಡಿನವರು ೧೯೨೧ರಲ್ಲಿಯೇ ತರುಣಿಯರಿಗೆ ಎರಡು ವರ್ಷ ಶಿಕ್ಷಣವಿತ್ತು, ಶಾಲೆಗಳಲ್ಲಿಯೇ ಮಕ್ಕಳ ಹಲ್ಲನ್ನು ತುಂಬಿಸುವ ದಂತದಾದಿಯರನ್ನು ಸಿದ್ಧಗೊಳಿಸಿದರು. ಸ್ಕಾಟ್ಲೆಂಡಿನವರು ಈ ಶತಮಾನದ ಮೊದಲ ದಶಕದಿಂದ ಶಿಶುವಿಹಾರಗಳಲ್ಲಿ ದಿನವೂ ಮಕ್ಕಳಿಂದ ಹಲ್ಲುಜ್ಜಿಸುತ್ತಿರುವರು. ಹುಳುಕೂ ಇಳಿಯಿತು, ಚಿಕಿತ್ಸೆಯ ವೆಚ್ಚವೂ ಇಳಿಯಿತು. ಅವರಿಗೆ ಸಾಧ್ಯವಾದುದು, ದಂತವೈದ್ಯರ ಶಿಕ್ಷಣಕ್ಕೆ ದೇಶದಲ್ಲಿಯೇ ಹೆಸರಾದ ಕನ್ನಡನಾಡಿಗೆ ಅಸಾಧ್ಯವೆಂದು ನಾವು ನಂಬಲಾರೆವು.

ಆದುದರಿಂದ ಅಧಿಕಾರಿಗಳ ಮುಂದೆ ಕೆಲವು ಸೂಚನೆಗಳನ್ನಿಡುತ್ತೇವೆ. ಮೊದಲನೆಯದು, ಈ ಮೂರು ಪ್ರದೇಶಗಳ ಪ್ರತಿಯೊಂದು ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆಯನ್ನು ಹತ್ತಿರದ ದಂತವೈದ್ಯ ಕಾಲೇಜಿಗೋ ಆಸ್ಪತ್ರೆಗೋ ಹಂಚಿಕೊಡಬೇಕು. ವರ್ಷಕ್ಕೊಮ್ಮೆ ವೈದ್ಯರೇ ಶಾಲೆಗೆ ಬಂದು, ನೋಡಿದ ದಿನವೇ ತುಂಬಬಹುದಾದ ಕುಳಿಗಳನ್ನು ತುಂಬಿ, ಆರು ವರ್ಷದ ಮಕ್ಕಳ ಹೊಸ ದವಡೆ ಹಲ್ಲುಗಳ ಬಿರುಕಿಗೆ ರಕ್ಷಣೆಯ ಲೇಪವನ್ನು ಹಚ್ಚಬೇಕು. ಎರಡನೆಯದು, ೨೦೧೩ರಿಂದ ಕ್ಷೀರಭಾಗ್ಯದ ಹಾಲನ್ನು ಹಂಚಲು ಬಲ್ಲ ಶಾಲೆಗಳು ಬಿಸಿಯೂಟದ ಬಳಿಕ ಐದು ನಿಮಿಷ ಹಲ್ಲುಜ್ಜಿಸಲೂ ಬಲ್ಲವು; ಅದನ್ನು ದಿನಚರಿಗೆ ಸೇರಿಸಬೇಕು. ಮೂರನೆಯದು, ಇ. ಎಸ್. ಐ. ಆಸ್ಪತ್ರೆಯವರು ಮಕ್ಕಳ ದಂತಚಿಕಿತ್ಸೆಗೆ ಭಾನುವಾರವನ್ನೋ ಸಂಜೆಯನ್ನೋ ಮೀಸಲಿಡಬೇಕು. ೨೦೨೫ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಒಂದರ ಬದಲು ಐದು ನಗರಪಾಲಿಕೆಗಳಾದವು. ಹೊಸ ಪಾಲಿಕೆಗಳು ಹೊಸ ಫಲಕಗಳಿಗಿಂತ ಮೊದಲು ಇಂಥ ಕೆಲಸದಿಂದ ಹೆಸರು ಪಡೆಯಲಿ. ೨೦೧೩ರ ಕಂಪೆನಿ ಶಾಸನದಂತೆ ದೊಡ್ಡ ಸಂಸ್ಥೆಗಳು ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕಾಗಿದೆ. ತಮ್ಮ ಗೇಟಿನ ಕಾವಲುಗಾರನ, ನೆಲ ಗುಡಿಸುವವಳ ಮಕ್ಕಳ ಹಲ್ಲಿಗಿಂತ ಹತ್ತಿರದ ಸಮಾಜಕಾರ್ಯ ಅವರಿಗೆ ಯಾವುದಿದೆ?

ಬೇವಿನ ಕಡ್ಡಿಯಿಂದ ನಮ್ಮ ಹಿರಿಯರ ಹಲ್ಲು ಗಟ್ಟಿಯಾಗಿರಲಿಲ್ಲವೆ ಎಂದು ಕೇಳುವವರುಂಟು. ಇದ್ದಿರಬಹುದು, ಆ ಹಿರಿಯರು ದಿನಕ್ಕೆ ಆರು ಸಲ ಬಿಸ್ಕತ್ತು ತಿನ್ನುತ್ತಿರಲಿಲ್ಲವೆಂಬುದನ್ನೂ ಮರೆಯಬಾರದು. ಇದ್ದಲು, ಇಟ್ಟಿಗೆಪುಡಿಗಳು ಹಲ್ಲನ್ನು ಸವೆಸುವುವು. ಫ್ಲೋರೈಡುಳ್ಳ ಪೇಸ್ಟು ಹುಳುಕನ್ನು ತಡೆಯುವುದು. ಆದರೆ ಕೋಲಾರ, ತುಮಕೂರು ಕಡೆಯ ಅನೇಕ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡು ಮಿತಿಮೀರಿ, ಮಕ್ಕಳ ಹಲ್ಲು ಕಂದುಗಟ್ಟಿರುವುದೂ ಉಂಟು. ಅಲ್ಲಿಂದ ಬಂದ ಕುಟುಂಬಗಳು ಈ ಕೇರಿಗಳಲ್ಲಿ ಬಹಳ. ಆದ್ದರಿಂದ ಅಳತೆ ಮುಖ್ಯ: ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಕಾಳಿನಷ್ಟು ಪೇಸ್ಟು ಸಾಕು, ಉಜ್ಜಿದ ಮೇಲೆ ಉಗುಳಿಸಬೇಕು. ರಾತ್ರಿ ಮಲಗುವ ಮುನ್ನ ಹಲ್ಲುಜ್ಜಿ, ಬಳಿಕ ನೀರಲ್ಲದೆ ಬೇರೇನನ್ನೂ ಕೊಡದಿರುವುದು ಯಾವ ಬಡವನಿಗೂ ಸಾಧ್ಯವಾದ ವ್ರತ.

ಹೊಟ್ಟೆಯ ಪಾಡೇ ಕಷ್ಟವಾಗಿರುವಾಗ ಹಲ್ಲಿನ ಮಾತೇಕೆ ಎನ್ನುವವರಿಗೆ ನಮ್ಮ ಉತ್ತರವಿಷ್ಟೇ: ಹೊಟ್ಟೆಗೆ ಹೋಗುವ ದಾರಿಯು ಹಲ್ಲೇ. ನೋಯುವ ಹಲ್ಲಿನ ಮಗು ಸರಿಯಾಗಿ ಉಣ್ಣಲಾರದು, ಮಲಗಲಾರದು, ಪಾಠದಲ್ಲಿ ಮನಸ್ಸಿಡಲಾರದು. ನಾಳಿನ ಪೌರರು ಅವರೇ. ನಾಳೆ ಈ ಯಂತ್ರಗಳನ್ನೂ ಗಣಕಗಳನ್ನೂ ನಡೆಸಬೇಕಾದವರೂ ಅವರೇ. ಬರುವ ಜೂನಿನಲ್ಲಿ ಶಾಲೆಗಳು ತೆರೆಯುವುದರೊಳಗಾಗಿ ಆರೋಗ್ಯ ಮತ್ತು ಶಿಕ್ಷಣ ಇಲಾಖೆಗಳವರು, ಕಾಲೇಜುಗಳ ಮುಖ್ಯಸ್ಥರು, ಕಾರ್ಖಾನೆಗಳ ಒಡೆಯರು ಒಂದೆಡೆ ಕುಳಿತು ಶಾಲೆಗಳ ಹಂಚಿಕೆಯನ್ನು ಗೊತ್ತುಮಾಡಿಕೊಳ್ಳಲಿ. ಇದಕ್ಕೆ ಹೊಸ ಶಾಸನವೂ ಬೇಡ, ಹೊಸ ಕಟ್ಟಡವೂ ಬೇಡ.