ಶಿಕಾರಿಪುರ–ಸೊರಬ: ನಾಟಿ ಕೋಳಿಗೆ ಡಿಮ್ಯಾಂಡ್ ಇದೆ, ಕಾವಿಗೆ ಕೂರೋ ಹ್ಯಾಟೆ ಎಲ್ಲಿ?

ಶಿಕಾರಿಪುರ/ಸೊರಬ: ಮಾರಿಹಬ್ಬ, ಜಾತ್ರೆ ಬಂತೆಂದರೆ ಶಿರಾಳಕೊಪ್ಪ, ಆನವಟ್ಟಿ ಕಡೆ ನಾಟಿ ಹುಂಜಕ್ಕೆ ಹೇಳಿದ್ದೇ ರೇಟು. ಆದರೆ ನಾಟಿ ಅಂತ ಮಾರಾಟವಾಗೋದೆಲ್ಲ ನಾಟಿಯೇ ಅಂತ ನಂಬೋ ಹಾಗಿಲ್ಲ. ಬಣ್ಣದ ಗರಿ ಇದ್ದರೆ ಸಾಕು, ಶೆಡ್‌ನಲ್ಲಿ ಬೆಳೆದ ಕ್ರಾಸ್ ಕೋಳಿಯೂ ಅದೇ ಹೆಸರಲ್ಲಿ ಹೋಗುತ್ತದೆ.

ಈ ಬೆರಕೆಗೆ ಒಂದು ಹಿನ್ನೆಲೆ ಇದೆ. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಗಿರಿರಾಜ ಬಂತು, ಆಮೇಲೆ ಸ್ವರ್ಣಧಾರ. ಊರ ಹ್ಯಾಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಹೆಚ್ಚು. ಗಿರಿರಾಜ 130 ದಾಟುತ್ತದೆ, ತೂಕವೂ ಬೇಗ ಬರುತ್ತದೆ. ಹಿತ್ತಲಲ್ಲಿ ಕೋಳಿ ಸಾಕೋರಿಗೆ ಅದು ನೆರವಾಗಿದ್ದು ಸುಳ್ಳಲ್ಲ. ಆದರೆ ಅದು ಕಾವಿಗೆ ಕೂರೋದಿಲ್ಲ. ಮರಿ ಬೇಕೆಂದರೆ ಪ್ರತಿ ಸಲ ದುಡ್ಡು ಕೊಟ್ಟು ತರಬೇಕು. ಗಿರಿರಾಜ ಹುಂಜ ಊರ ಹ್ಯಾಟೆ ಜೊತೆ ಸೇರಿದರೆ ಮರಿ ದಪ್ಪ ಬರುತ್ತದೆ, ಕಾವು ಕೂರೋ ಗುಣ ಮಾತ್ರ ತಲೆಮಾರು ಕಳೆದಂತೆ ಕಮ್ಮಿಯಾಗುತ್ತದೆ. ನಷ್ಟ ಇರೋದು ಇಲ್ಲೇ.

ಬುಟ್ಟಿಗೆ ಹುಲ್ಲು ಹಾಸಿ 10–12 ಮೊಟ್ಟೆ ಇಟ್ಟರೆ ಒಳ್ಳೆ ಹ್ಯಾಟೆ 21 ದಿನ ಅಲ್ಲಾಡಲ್ಲ. ಮೊಟ್ಟೆ ತಿರುಗಿಸೋದು, ಶಾಖ ಕಾಯೋದು ಎಲ್ಲ ಅದೇ ನೋಡಿಕೊಳ್ಳುತ್ತದೆ. ಗುಡುಗಿಗೆ ಮೊಟ್ಟೆ ಕೆಡುತ್ತೆ ಅಂತ ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡೋ ರೂಢಿ ಹಳಬರಲ್ಲಿ ಇನ್ನೂ ಇದೆ. ಈಗ ಹುಡುಗರು ಆನ್‌ಲೈನ್‌ನಲ್ಲಿ ಸಣ್ಣ ಇನ್‌ಕ್ಯುಬೇಟರ್ ತರಿಸುತ್ತಾರೆ. ಅದರಲ್ಲಿ ಶಾಖ ಸುಮಾರು 37.5 ಡಿಗ್ರಿ ಬಿಟ್ಟು ಕದಲಬಾರದು, 18ನೇ ದಿನದವರೆಗೆ ಮೊಟ್ಟೆ ತಿರುಗಿಸ್ತಾ ಇರಬೇಕು, ಕೊನೆ ಮೂರು ದಿನ ತೇವಾಂಶ ಏರಿಸಬೇಕು. ಮಳೆಗಾಲದಲ್ಲಿ ಸೊರಬದ ಹಳ್ಳಿಗಳಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ದೇವರಿಗೇ ಗೊತ್ತು. ಹ್ಯಾಟೆಗೆ ಆ ಚಿಂತೆ ಇಲ್ಲ.

ಮರಿ ಆದಮೇಲೆ ಹದ್ದು, ಮುಂಗುಸಿ, ಚಳಿ. ಎಲ್ಲಕ್ಕಿಂತ ದೊಡ್ಡದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಬಂದರೆ ಕೇರಿ ಕೇರಿಯೇ ಖಾಲಿ. ಮೊದಲ ವಾರದಲ್ಲಿ ಹನಿ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು ಹಾಕಿದರೆ ತಡೆಯಬಹುದು. ತೊಡಕು ಎಲ್ಲಿ ಅಂದರೆ, ಲಸಿಕೆ ಬಾಟಲಿ ಬರೋದು ನೂರಾರು ಡೋಸ್ ಲೆಕ್ಕದಲ್ಲಿ. ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹತ್ತು ಕೋಳಿ ಇಟ್ಟುಕೊಂಡ ಅಮ್ಮ ಏನು ಮಾಡಬೇಕು? ಕೇರಿಯವರೆಲ್ಲ ಒಂದೇ ದಿನ ಹಾಕಿಸಿದರೆ ಮಾತ್ರ ಬಾಟಲಿ ಸಾರ್ಥಕ. ಪಶು ಆಸ್ಪತ್ರೆ ಮತ್ತು ಸ್ತ್ರೀಶಕ್ತಿ ಸಂಘಗಳು ಒಂದು ದಿನ ಗೊತ್ತು ಮಾಡಿದರೆ ಆಗೋ ಕೆಲಸ ಇದು, ದೊಡ್ಡ ಅನುದಾನವೇನೂ ಬೇಡ.

ಅನುದಾನ ಇಲ್ಲ ಅಂತಲ್ಲ. ಕೇಂದ್ರದ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಗ್ರಾಮೀಣ ಕೋಳಿ ಘಟಕಕ್ಕೆ ಶೇ 50, ಗರಿಷ್ಠ 25 ಲಕ್ಷ ರೂ. ಸಬ್ಸಿಡಿ ಇದೆ. ಆದರೆ ಅದು ಸಾವಿರ ತಾಯಿ ಕೋಳಿ, ಹ್ಯಾಚರಿ ಕಟ್ಟೋರಿಗೆ. ಹಿತ್ತಲ ಕೋಳಿಯವರಿಗೆ ಆ ಬಾಗಿಲು ಎಟುಕೋದಿಲ್ಲ.

ಇನ್ನು ಹೆಸರಿನ ಮಾತು. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಜಿಐ ಟ್ಯಾಗ್ ಸಿಕ್ಕಿತು, ಕರಿಕೋಳಿ ಇಲ್ಲಿವರೆಗೂ ಹೆಸರು ಮಾಡಿತು. ಕರ್ನಾಲ್‌ನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಬ್ಯೂರೋ ಪಟ್ಟಿಯಲ್ಲಿ ಕರ್ನಾಟಕದ ಹೆಸರಲ್ಲಿ ಘಾಗಸ್ ಕೋಳಿ ಇದೆ, ಅದೂ ಆಂಧ್ರದ ಜೊತೆ ಪಾಲು. ನಮ್ಮ ಮಲೆನಾಡು ಗಿಡ್ಡ ಹಸುವಿಗೆ ಅಲ್ಲಿ ಜಾಗ ಸಿಕ್ಕಿದೆ. ಹಿತ್ತಲಲ್ಲಿ ಓಡಾಡೋ ಬೋಳು ಕುತ್ತಿಗೆ ಕೋಳಿಯನ್ನು ಎಣಿಸಿ, ಅಳೆದು ದಾಖಲೆ ಮಾಡೋದಕ್ಕೆ ಶಿವಮೊಗ್ಗದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ.

ಅಲ್ಲಿವರೆಗೆ ಹಳೇ ಪಾಲು ಪದ್ಧತಿ ಇದ್ದೇ ಇದೆ: ಒಬ್ಬರ ಹ್ಯಾಟೆ ಇನ್ನೊಬ್ಬರ ಮನೆಯಲ್ಲಿ, ಆದ ಮರಿಯಲ್ಲಿ ಅರ್ಧರ್ಧ. ಹಬ್ಬಕ್ಕೆ ಕೊಯ್ಯೋದಾದರೆ ಹುಂಜ ಕೊಯ್ಯಲಿ, ಚೆನ್ನಾಗಿ ಕಾವು ಕೂರೋ ಹ್ಯಾಟೆ ಮಾತ್ರ ಯಾರೂ ಮಾರಬೇಡಿ.