ಹೆತ್ತವರೇನು ರೋಗಾಣುಗಳೇ?

ಆಸ್ಪತ್ರೆಯ ಪ್ರತ್ಯೇಕ ಕೊಠಡಿಯ ಬಾಗಿಲಲ್ಲಿ ‘ಒಳಗೆ ಪ್ರವೇಶವಿಲ್ಲ’ ಎಂಬ ಫಲಕವನ್ನು ನೀವು ಕಂಡಿರಬಹುದು. ದಡಾರವೋ ಗಂಟಲುಮಾರಿಯೋ ತಗುಲಿದ ಮಗುವನ್ನು, ಇತರರಿಗೆ ಸೋಂಕು ಹರಡದಿರಲೆಂದು ಅಲ್ಲಿ ಇರಿಸುತ್ತಾರೆ. ರಕ್ತದ ಕ್ಯಾನ್ಸರಿಗೆ ಔಷಧ ಪಡೆದು ಬಿಳಿರಕ್ತಕಣಗಳು ಕುಸಿದಿರುವ ಮಗುವನ್ನು, ಇತರರ ಸೋಂಕು ಅದಕ್ಕೆ ತಗುಲದಿರಲೆಂದು ಇರಿಸುತ್ತಾರೆ. ಎರಡೂ ಅವಶ್ಯ. ನನ್ನ ತಕರಾರು ಇರುವುದು, ಆ ಫಲಕ ತಾಯಿತಂದೆಯರಿಗೂ ಅನ್ವಯಿಸುತ್ತದೆಂಬ ರೂಢಿಯ ಬಗ್ಗೆ.

ಈ ರೂಢಿಯ ಚರಿತ್ರೆ ಸುಂದರವಾದುದಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗಳಲ್ಲಿ ಮಗುವಿಗೊಂದು ಸಂಖ್ಯೆ ಕೊಡುವ ಪದ್ಧತಿಯಿತ್ತು. ಹೆತ್ತವರು ಊರಿನ ಪತ್ರಿಕೆಯಲ್ಲಿ ಆ ಸಂಖ್ಯೆಯನ್ನು ಹುಡುಕಿ, ತಮ್ಮ ಕಂದ ಹೇಗಿದೆಯೆಂದು ತಿಳಿಯಬೇಕಿತ್ತು! ಹೆಚ್ಚೆಂದರೆ ಕಿಟಕಿಯ ಗಾಜಿನಾಚೆಯಿಂದ ನೋಡಬಹುದಿತ್ತು. ಅತ್ತತ್ತು ಸುಮ್ಮನಾದ ಮಗುವನ್ನು ಕಂಡು ‘ಹೊಂದಿಕೊಂಡಿತು’ ಎಂದು ವಾರ್ಡಿನವರು ಸಮಾಧಾನಪಡುತ್ತಿದ್ದರು. ಆ ಮೌನ ಹೊಂದಾಣಿಕೆಯಲ್ಲ, ಹತಾಶೆ ಎಂದು ತೋರಿಸಿಕೊಟ್ಟವರು ಜೇಮ್ಸ್ ರಾಬರ್ಟ್‌ಸನ್. ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯನ್ನು ಕುರಿತ ಅವರ ಚಿತ್ರ 1952ರಲ್ಲಿ ಬಂತು. ಅವಳಿಗೆ ಸೋಂಕೇನೂ ಇರಲಿಲ್ಲ, ಸಣ್ಣದೊಂದು ಶಸ್ತ್ರಚಿಕಿತ್ಸೆಯಷ್ಟೇ. ಆಕೆಯ ಪಾಡೇ ಹಾಗಾದರೆ ಪ್ರತ್ಯೇಕ ಕೊಠಡಿಯ ಮಗುವಿನ ಪಾಡೇನು? 1959ರಲ್ಲಿ ಪ್ಲಾಟ್ ಸಮಿತಿ, ಹೆತ್ತವರ ಭೇಟಿಗೆ ನಿರ್ಬಂಧ ಬೇಡವೆಂದು ಬ್ರಿಟಿಷ್ ಸರ್ಕಾರಕ್ಕೆ ಶಿಫಾರಸು ಮಾಡಿತು.

‘ಒಳಗೆ ಬಿಟ್ಟರೆ ಸೋಂಕು ತರುತ್ತಾರಲ್ಲ?’ ಎಂಬ ಆಕ್ಷೇಪ ಇನ್ನೂ ಕೇಳಿಬರುತ್ತದೆ. ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅಲ್ಲಿ ಕಡಿಮೆ ತೂಕದ ಹಸುಗೂಸುಗಳ ಜೊತೆ ತಾಯಂದಿರನ್ನೂ ತೀವ್ರ ನಿಗಾ ಘಟಕದೊಳಗೇ ಇರಿಸಿ, ಕೂಸನ್ನು ಎದೆಗೊರಗಿಸಲಾಯಿತು. ರೂಢಿಯ ಪದ್ಧತಿಯಲ್ಲಿ 28 ದಿನಗಳೊಳಗೆ ನೂರಕ್ಕೆ 15.7 ಶಿಶುಗಳು ಸತ್ತರೆ, ಇಲ್ಲಿ 12. ಸೋಂಕಿನ ಶಂಕೆಯ ಪ್ರಕರಣಗಳೂ ಕಡಿಮೆಯಾದವು. ಹಸುಗೂಸಿನ ಲೆಕ್ಕ ದಡಾರದ ಮಗುವಿಗೆ ಹಾಗೆಯೇ ಹೊಂದದು, ನಿಜ. ಆದರೆ ತಾಯಿಯೆಂದರೆ ಅಪಾಯವೆಂಬ ಭಯ ಎಷ್ಟು ಪೊಳ್ಳೆಂಬುದು ಇದರಿಂದ ತಿಳಿಯುತ್ತದೆ. ನಮ್ಮ ಕೇಂದ್ರ ಸರ್ಕಾರವೇ 2017ರಲ್ಲಿ, ನವಜಾತ ಶಿಶುಗಳ ಆರೈಕೆಯಲ್ಲಿ ಕುಟುಂಬವನ್ನು ಸೇರಿಸಿಕೊಳ್ಳಲು ಮಾರ್ಗಸೂಚಿ ಹೊರಡಿಸಿದೆ.

ಇಲ್ಲಿ ದಾದಿಯೇ ಗುರು. ಸಾಬೂನಿನಿಂದ ಕೈ ತೊಳೆಯುವ ಬಗೆ, ಗೌನು ಮಾಸ್ಕುಗಳನ್ನು ತೊಡುವ ಮತ್ತು ಕಳಚುವ ಕ್ರಮ, ಕುಡಿದ ನೀರು ಹೋದ ಮೂತ್ರಗಳ ಲೆಕ್ಕ, ಉಸಿರು ಹೇಗಾದಾಗ ಕೂಡಲೇ ಕರೆಯಬೇಕು ಎಂಬುದನ್ನು ಆಕೆ ಕಲಿಸಬಲ್ಲಳು. ಸೀತಾಳೆ ಸಿಡುಬು ಬಂದಿರದ ಗರ್ಭಿಣಿ ಒಳಗೆ ಬರಬಾರದೆಂದು ತಡೆಯುವವಳೂ ಆಕೆಯೇ. ಇತ್ತ ಮಗುವಿನ ಅಳುವಿನಲ್ಲಿ ಹಸಿವಾವುದು, ನೋವಾವುದು ಎಂಬುದನ್ನು ದಾದಿಗೆ ಕಲಿಸಬಲ್ಲವಳು ತಾಯಿ.

ಆದರೆ ಸಹಭಾಗಿತ್ವದ ಹೆಸರಿನಲ್ಲಿ ನಡೆಯುವ ಇನ್ನೊಂದು ಅನ್ಯಾಯಕ್ಕೂ ನನ್ನ ವಿರೋಧವಿದೆ. ಪ್ರತ್ಯೇಕ ಕೊಠಡಿಯಿಂದ ಹೊರದೂಡುವ ವ್ಯವಸ್ಥೆಯೇ ಸಾಮಾನ್ಯ ವಾರ್ಡಿನಲ್ಲಿ ಅದೇ ತಾಯಿಯನ್ನು ಸಂಬಳವಿಲ್ಲದ ಆಳಾಗಿಸುತ್ತದೆ. ಡ್ರಿಪ್ ಬಾಟಲಿ ಮುಗಿಯಿತೇ ಎಂದು ಕಾಯುವುದು, ರಕ್ತದ ಮಾದರಿ ಹಿಡಿದು ಪ್ರಯೋಗಾಲಯಕ್ಕೆ ಓಡುವುದು ಎಲ್ಲವೂ ಅವಳ ಪಾಲಿಗೆ. ಇದನ್ನು ಸಹಭಾಗಿತ್ವವೆನ್ನಲಾದೀತೇ? ದಾದಿಯರನ್ನು ದೂರಿ ಫಲವಿಲ್ಲ. ನಮ್ಮ ಮನೆಗಳಿಂದಲೇ ಹೋದ ಆ ಹೆಣ್ಣುಮಕ್ಕಳಿಗೆ ಒಂದು ಪಾಳಿಯಲ್ಲಿ ಇಷ್ಟೊಂದು ಮಕ್ಕಳನ್ನು ಒಪ್ಪಿಸಿದರೆ ಕಲಿಸಲು ಪುರುಸೊತ್ತೆಲ್ಲಿ? ಉತ್ತರ ಹೇಳಬೇಕಾದುದು ಆಡಳಿತ ಮಂಡಳಿಗಳು. ಧರ್ಮಸಭೆ ನಡೆಸುವ ಆಸ್ಪತ್ರೆಗಳ ಮಂಡಳಿಗಳಿಗೂ ಇದರಿಂದ ವಿನಾಯಿತಿಯಿಲ್ಲ.

ನಿಮ್ಮ ಮಗುವನ್ನು ಪ್ರತ್ಯೇಕ ಕೊಠಡಿಗೆ ಸೇರಿಸಿದರೆ, ‘ನಾನು ಒಳಗಿರಬಹುದೇ? ಏನು ಮಾಡಲಿ, ಏನು ಮಾಡಬಾರದು?’ ಎಂದು ಮೊದಲ ದಿನವೇ ದಾದಿಯನ್ನು ವಿನಯದಿಂದ ಕೇಳಿರಿ. ಬೇಡವೆಂದರೆ ಕಾರಣ ಕೇಳಿರಿ. ಕಾರಣ ಸಕಾರಣವಾಗಿದ್ದರೆ ಗಾಜಿನಾಚೆಯಿಂದಲೋ ಫೋನಿನಲ್ಲೋ ಮಾತಾಡಿಸುವ ವ್ಯವಸ್ಥೆಗಾದರೂ ಪಟ್ಟುಹಿಡಿಯಿರಿ. ನೆಂಟರಿಷ್ಟರು ಮಾತ್ರ ಹಣ್ಣಿನ ಚೀಲ ಹಿಡಿದು ವಾರ್ಡಿಗೆ ಮುತ್ತುವುದು ಬೇಡ. ಆ ಮನೆಯಲ್ಲಿ ಉಳಿದ ಮಕ್ಕಳಿಗೆ ಅಡುಗೆ ಮಾಡಿ ಬಡಿಸಲಿ, ಶಾಲೆಗೆ ಕಳುಹಿಸಲಿ, ರಾತ್ರಿ ಜೊತೆಗೆ ಮಲಗಲಿ.