ಮೂರನೆಯ ಸಿಲಿಂಡರಿನ ಮೌನ

ಕುಮಟೆಯ ಒಬ್ಬ ನಿವೃತ್ತ ಮಾಸ್ತರರನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಅಂಥವರು ಆ ಊರಿನಲ್ಲಿ ಹಲವರಿರುವುದರಿಂದ ಇದೇನೂ ಕಷ್ಟದ ಕೆಲಸವಲ್ಲ. ಜುಲೈ ತಿಂಗಳ ಒಂದು ಸಂಜೆ ಅವರು ಮಣಿಪಾಲದ ಆಸ್ಪತ್ರೆಯಲ್ಲಿ ಪತ್ನಿಯ ಹೃದಯ ಪರೀಕ್ಷೆ ಮುಗಿಸಿಕೊಂಡು, ಮಗಳೊಡನೆ, ಹದಿಮೂರು ವರ್ಷದ ತಮ್ಮ ಕಾರಿನಲ್ಲಿ ಮನೆಗೆ ಮರಳುತ್ತಿದ್ದಾರೆ. ಭಟ್ಕಳದವರೆಗೆ ಸುಖವಾಗಿ ಓಡಿದ ಎಂಜಿನ್ನು ಮುರ್ಡೇಶ್ವರದ ತಿರುವಿನಲ್ಲಿ ಒಮ್ಮೆ ನಡುಗಿತು. ಮಂಕಿ ಬರುವಷ್ಟರಲ್ಲಿ ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಕಾರು ಕುಂಟತೊಡಗಿತು.

"ಅಪ್ಪಯ್ಯಾ, ಇಲ್ಲಿ ನಿಲ್ಲಿಸಬೇಡ, ಹಿಂದೆ ಲಾರಿ ಬರುತ್ತಿದೆ," ಎಂದಳು ಮಗಳು. ಆಯಿ ಏನನ್ನೂ ಹೇಳಲಿಲ್ಲ. ಮದ್ದಿನ ಚೀಲವನ್ನು ಎದೆಗವಚಿಕೊಂಡು ಕುಳಿತಿದ್ದರು.

ಭಟ್ಕಳ, ಹೊನ್ನಾವರ, ಕುಮಟೆಗಳ ಜನಕ್ಕೆ ದೊಡ್ಡ ಕಾಯಿಲೆ ಬಂದರೆ ಮಣಿಪಾಲ ಅಥವಾ ಮಂಗಳೂರಿನ ದಾರಿ ಹಿಡಿಯುವುದು ರೂಢಿ. ಅಂಥ ಮನೆಯಲ್ಲಿ ಕಾರು ಕೆಡುವುದು ಬರಿಯ ಕಿರಿಕಿರಿಯ ಮಾತಲ್ಲ.

ಹೊನ್ನಾವರದ ಗ್ಯಾರೇಜೊಂದರಲ್ಲಿ ತರುಣ ಮೆಕ್ಯಾನಿಕನು ಸ್ಟೀಯರಿಂಗಿನ ಕೆಳಗಿನ ಕಿಂಡಿಗೆ ತನ್ನ ಸ್ಕ್ಯಾನರನ್ನು ಸಿಕ್ಕಿಸಿದನು. ಪರದೆಯ ಮೇಲೆ 'ಪಿ 0203' ಎಂಬ ಸಂಕೇತ ಮೂಡಿತು. "ಮಾಸ್ತರೇ, ಇ.ಸಿ.ಎಂ. ಹೋಗಿದೆ, ಹೊಸದು ಹಾಕಬೇಕು," ಎಂದು ಹೇಳಿ ಅವನು ಸೂಚಿಸಿದ ಬೆಲೆ ಮಾಸ್ತರರ ಆ ತಿಂಗಳ ಪಿಂಚಣಿಯ ಬಹುಭಾಗವನ್ನು ನುಂಗುವಂತಿತ್ತು. ಬಂಗಾಳಿಯಲ್ಲಿ ಬರೆದ ಟೆಲಿಗ್ರಾಂ ಬಂದರೆ ಹೇಗೋ ಹಾಗೆ ಮಾಸ್ತರರು ಆ ಸಂಕೇತವನ್ನು ನೋಡುತ್ತ ನಿಂತರು.

ಇ.ಸಿ.ಎಂ. ಎಂದರೆ ಎಂಜಿನ್ ಕಂಟ್ರೋಲ್ ಮಾಡ್ಯೂಲ್. ಅಂಗೈಯಗಲದ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಅಡಗಿರುವ ಗಣಕ. ಅಂಬಾಸಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕೆಲಸ ಕಾರ್ಬ್ಯುರೇಟರಿನದಾಗಿತ್ತು. ಅದನ್ನು ಬಿಚ್ಚಿ, ಊದಿ, ಮತ್ತೆ ಜೋಡಿಸಿದರೆ ಅರ್ಧ ರೋಗ ವಾಸಿಯಾಗುತ್ತಿತ್ತು. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯ ವಿದ್ಯುನ್ಮಾನ ಇಂಧನ ಪದ್ಧತಿ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಬಂದಿತು. ಭಾರತದಲ್ಲಿ 2000ದ ಬಳಿಕ ಹೊಗೆಯ ನಿಯಮಗಳು ಬಿಗಿಯಾದಂತೆಲ್ಲ ಕಾರ್ಬ್ಯುರೇಟರು ಹಿಂದೆ ಸರಿಯಿತು. 2017ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 4, 2020ರ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ದೇಶಕ್ಕೆಲ್ಲ ಅನ್ವಯವಾದುವು. ಈಗ ಯಾವ ಕ್ಷಣದಲ್ಲಿ ಯಾವ ಸಿಲಿಂಡರಿಗೆ ಎಷ್ಟು ಪೆಟ್ರೋಲು ಸಲ್ಲಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನೆಲ್ಲ ಈ ಪೆಟ್ಟಿಗೆಯೇ ನಿರ್ಧರಿಸುತ್ತದೆ. ಎಂಜಿನ್ನಿನ ತಿರುಗಣೆಯ ತುದಿಯಲ್ಲಿ ಹಲ್ಲುಗಳುಳ್ಳ ಚಕ್ರವೊಂದಿರುತ್ತದೆ. ಹಲವು ಕಾರುಗಳಲ್ಲಿ ಅರವತ್ತು ಹಲ್ಲುಗಳ ಸ್ಥಳದಲ್ಲಿ ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಬೋಳು ಜಾಗ ಎದುರಾದಾಗ ಎಂಜಿನ್ನು ತನ್ನ ಸುತ್ತಿನಲ್ಲಿ ಎಲ್ಲಿದೆಯೆಂದು ಪೆಟ್ಟಿಗೆಗೆ ತಿಳಿಯುತ್ತದೆ.

ಇನ್ನು ಪಿ 0203. ಮೂರನೆಯ ಸಿಲಿಂಡರಿನ ಇಂಜೆಕ್ಟರಿನ ವಿದ್ಯುತ್ ಮಾರ್ಗದಲ್ಲಿ ದೋಷವಿದೆ ಎಂಬುದಷ್ಟೇ ಅದರ ಅರ್ಥ. ಸಂಕೇತವು ಬೀದಿಯನ್ನು ತೋರಿಸುತ್ತದೆ, ಮನೆಯ ಸಂಖ್ಯೆಯನ್ನು ಹೇಳುವುದಿಲ್ಲ. ಇಂಜೆಕ್ಟರೇ ಕೆಟ್ಟಿರಬಹುದು, ತಂತಿಯನ್ನು ಇಲಿ ಕಡಿದಿರಬಹುದು, ಸೇರುವೆಯಲ್ಲಿ ಕಿಲುಬು ಹಿಡಿದಿರಬಹುದು. ಪೆಟ್ಟಿಗೆ ಕೆಟ್ಟಿರುವುದು ಇವೆಲ್ಲದರ ಬಳಿಕ ಬರುವ ಸಾಧ್ಯತೆ. ಆದರೂ ಗ್ಯಾರೇಜುಗಳಲ್ಲಿ ಮೊದಲ ಆಪಾದನೆ ಅದರ ಮೇಲೆಯೇ ಬೀಳುವುದುಂಟು, ಏಕೆಂದರೆ ಅದರ ಒಳಗನ್ನು ಕಂಡವರು ವಿರಳ.

ಕರಾವಳಿಯಲ್ಲಿ ಈ ಅನುಮಾನಕ್ಕೆ ಕಾರಣಗಳು ಹೆಚ್ಚು. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಒಂದೇ ದಿನದೊಳಗೆ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು, ಪೇಟೆಯ ಅಂಗಡಿಗಳೊಳಕ್ಕೆಲ್ಲ ನೀರು ನುಗ್ಗಿತ್ತು. ಹಾಗೆ ಮುಳುಗದಿದ್ದರೂ ಸಮುದ್ರದ ಉಪ್ಪು ಗಾಳಿ ತನ್ನ ಕೆಲಸವನ್ನು ಬಿಡುವುದಿಲ್ಲ. ತಾಮ್ರದ ತಂತಿಯ ಹೊದಿಕೆ ಎಲ್ಲೋ ಒಂದೆಡೆ ಬಿರಿದರೆ ಸಾಕು, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ತಂತಿಯ ಎಳೆಗಳು ನೀರನ್ನು ಒಳಗೊಳಗೇ ಎಳೆದು ಸೇರುವೆಯವರೆಗೆ ಒಯ್ಯುತ್ತವೆ. ಅಲ್ಲಿ, ತೊಳೆಯದೆ ಬಿಟ್ಟ ತಾಮ್ರದ ಚೆಂಬಿನಲ್ಲಿ ಕಾಣುವಂಥ ಹಸಿರು ಕಿಲುಬು ಕಟ್ಟುತ್ತದೆ. (ಚೆಂಬಿಗೆ ಹುಣಿಸೆಹಣ್ಣು ಸರಿ, ಇಲ್ಲಿ ಅದಕ್ಕೆಂದೇ ದೊರೆಯುವ ದ್ರಾವಣವಲ್ಲದೆ ಬೇರೇನನ್ನೂ ಮುಟ್ಟಿಸಬಾರದು.)

ಕುಂಟುತ್ತಲೇ ಕಾರು ಕುಮಟೆಯನ್ನು ಮುಟ್ಟಿತು. ಮರುದಿನ ಮಾಸ್ತರರು ಹಳೆಯ ಪರಿಚಯದ ಮಿಸ್ತ್ರಿಯೊಬ್ಬನನ್ನು ಕರೆಸಿದರು. ಕಾರ್ಬ್ಯುರೇಟರಿನ ಕಾಲದಲ್ಲಿ ಕೈ ಪಳಗಿದವನಾದರೂ ಮಲ್ಟಿಮೀಟರನ್ನು ಕಲಿತುಕೊಂಡ ಮನುಷ್ಯ. ಅವನು ಮೊದಲು ಎರಡನೆಯ ಮತ್ತು ಮೂರನೆಯ ಇಂಜೆಕ್ಟರುಗಳನ್ನು ಅದಲುಬದಲು ಮಾಡಿದನು. ದೋಷವು ಇಂಜೆಕ್ಟರಿನ ಹಿಂದೆ ಹೋಗದೆ ಮೂರರಲ್ಲಿಯೇ ಉಳಿಯಿತು, ಇಂಜೆಕ್ಟರು ನಿರಪರಾಧಿಯಾಯಿತು. ಬಳಿಕ ಪ್ರತಿಯೊಂದು ಇಂಜೆಕ್ಟರಿನ ತಂತಿಯ ತುದಿಗೆ ಪುಟ್ಟ ದೀಪವನ್ನು ಸಿಕ್ಕಿಸಿ ಎಂಜಿನ್ನನ್ನು ತಿರುಗಿಸಿದನು. ಮೂರು ಕಡೆ ದೀಪ ಮಿಣುಕಿತು, ಮೂರನೆಯದರಲ್ಲಿ ಮಿಣುಕಲಿಲ್ಲ. ಆಗಲೂ ಪೆಟ್ಟಿಗೆಯನ್ನು ದೂರದೆ, ಬ್ಯಾಟರಿಯನ್ನು ಬಿಡಿಸಿ, ಇಂಜೆಕ್ಟರಿನಿಂದ ಪೆಟ್ಟಿಗೆಯವರೆಗಿನ ತಂತಿಯನ್ನು ಅಳೆದನು. ಅದು ಎಲ್ಲಿಯೂ ತುಂಡಾಗಿರಲಿಲ್ಲ, ಎಲ್ಲಿಯೂ ಮೈಗೆ ತಾಗಿರಲಿಲ್ಲ. ಕಡೆಗೆ ಬ್ಯಾಟರಿಯನ್ನು ಮತ್ತೆ ಜೋಡಿಸಿ ಪೆಟ್ಟಿಗೆಯ ಅರ್ಥ್ ತಂತಿಯನ್ನು ನೋಡಿದನು. ಎಂಜಿನ್ನು ಸುತ್ತುವಾಗ ಬ್ಯಾಟರಿಯ ಋಣ ತುದಿಗೂ ಆ ತಂತಿಗೂ ನಡುವೆ ವೋಲ್ಟಿನ ಹತ್ತನೆಯ ಒಂದೆರಡು ಭಾಗಕ್ಕಿಂತ ಹೆಚ್ಚು ಅಂತರ ಕಂಡರೆ ಅರ್ಥ್ ಕೆಟ್ಟಿದೆಯೆಂದು ತಿಳಿಯಬೇಕು. ಇಂಥ ಕಾರುಗಳಲ್ಲಿ ಬ್ಯಾಟರಿಯ ತಟ್ಟೆಯ ಕೆಳಗೆ ತುಕ್ಕು ಹಿಡಿದ ಒಂದು ಬೋಲ್ಟನ್ನು ಉಜ್ಜಿ ಬಿಗಿದೊಡನೆ 'ಸತ್ತ' ಪೆಟ್ಟಿಗೆ ಎದ್ದು ಕುಳಿತ ಪ್ರಸಂಗಗಳು ಕಡಮೆಯಲ್ಲ. ಈ ಕಾರಿನಲ್ಲಿ ಮಾತ್ರ ಅರ್ಥ್ ಶುದ್ಧವಾಗಿಯೇ ಇತ್ತು.

"ಮಾಸ್ತರೇ, ಈಚೆಗೆ ವೆಲ್ಡಿಂಗ್ ಏನಾದರೂ ಮಾಡಿಸಿದ್ದಿರಾ?"

ಮಾಡಿಸಿದ್ದರು. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ತುಕ್ಕು ತಿಂದ ತಳದ ತಗಡಿಗೆ ತೇಪೆ ಹಾಕಿಸಿದ್ದರು. ಬ್ಯಾಟರಿಯ ತಂತಿಯನ್ನು ಯಾರೂ ಕಳಚಿರಲಿಲ್ಲ. ವೆಲ್ಡಿಂಗಿನ ಪ್ರವಾಹ ಕಾರಿನ ಮೈಯೆಲ್ಲ ಹರಿಯುವಾಗ ಪೆಟ್ಟಿಗೆಯೊಳಗಿನ ಸೂಕ್ಷ್ಮ ಟ್ರಾನ್ಸಿಸ್ಟರುಗಳಿಗೆ ಪೆಟ್ಟು ಬೀಳಬಹುದು. ಪೆಟ್ಟು ತಿಂದದ್ದು ಆಗಲೇ ಸಾಯದೆ, ವಾರಗಳ ಬಳಿಕ ಬಿಸಿಯಲ್ಲಿ ಕೈಕೊಡಲೂಬಹುದು. ಮನೆಯವರೆಲ್ಲ ಭಟ್ಕಳದ ಮಳೆಯನ್ನು ಬೈದದ್ದು ವ್ಯರ್ಥವಾಯಿತು.

ಪೆಟ್ಟಿಗೆ ನಿಜವಾಗಿಯೂ ಕೆಟ್ಟಿತ್ತು, ಬದಲಿಸುವುದೂ ನಿಜವಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಳೆಯ ಕಾರೊಂದರ ಪೆಟ್ಟಿಗೆಯನ್ನು ರಶೀದಿಸಹಿತ ತರಿಸಿದರು. ರಶೀದಿ ಬೇಕೇ ಬೇಕು. ಕದ್ದ ಕಾರುಗಳ ಅಂಗಾಂಗಗಳೂ ಪೇಟೆಯಲ್ಲಿ ತಿರುಗುತ್ತವೆ. ಹೊರಗಿನ ಆಕಾರವೊಂದೇ ಆದರೆ ಸಾಲದು, ಮೇಲೆ ಮುದ್ರಿತವಾದ ಭಾಗಸಂಖ್ಯೆಯ ಕೊನೆಯ ಅಂಕಿಯೂ ಹೊಂದಬೇಕು. ಬ್ಯಾಟರಿಯ ಋಣ ತಂತಿಯನ್ನು ಕಳಚಿ, ಕೆಲವು ನಿಮಿಷ ಕಾದು, ಹಳೆಯದನ್ನು ತೆಗೆದು ಇದನ್ನು ಕೂಡಿಸಿದರು. ಕೀಲಿಯನ್ನು ತಿರುಗಿಸಿದಾಗ ಎಂಜಿನ್ನು ಸುತ್ತಿತು; ಹೊತ್ತಿಕೊಳ್ಳಲಿಲ್ಲ. ಕೀಲಿಯ ಚಿತ್ರವುಳ್ಳ ದೀಪವೊಂದು ಮಿಟುಕುತ್ತಲೇ ಇತ್ತು.

ಆಯಿಯ ಮುಖ ಬಾಡಿತು. ಮಿಸ್ತ್ರಿ ಮಾತ್ರ ನಕ್ಕನು.

ಕೀಲಿಯ ತಲೆಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡ ಚಿಪ್ಪೊಂದಿರುತ್ತದೆ. ಅದರ ಗುಟ್ಟಿನ ಸಂಖ್ಯೆ ಪೆಟ್ಟಿಗೆಗೆ ಪರಿಚಿತವಾಗಿದ್ದರೆ ಮಾತ್ರ ಪೆಟ್ರೋಲು ಬಿಡುಗಡೆಯಾಗುತ್ತದೆ. ಕಳ್ಳರಿಗಾಗಿ ಮಾಡಿದ ಏರ್ಪಾಡು ಇದು. ಬೇರೆ ಮನೆಯಿಂದ ಬಂದ ಪೆಟ್ಟಿಗೆಗೆ ಮಾಸ್ತರರ ಕೀಲಿಯೂ ಕಳ್ಳಕೀಲಿಯೇ. ಹೊಸ ಪೆಟ್ಟಿಗೆಯಾಗಿದ್ದರೆ ಕಂಪನಿಯ ಯಂತ್ರದಿಂದ ಕೀಲಿಯನ್ನೂ ಕಾರಿನ ಚಾಸಿಸ್ ಸಂಖ್ಯೆಯನ್ನೂ ಅದಕ್ಕೆ ಬರೆಯಿಸಬೇಕಾಗುತ್ತಿತ್ತು. ಹಳೆಯದಾದ ಕಾರಣ ಎರಡನ್ನೂ ಹುಬ್ಬಳ್ಳಿಯ ಕುಶಲಿಯೊಬ್ಬನಿಗೆ ಕಳುಹಿಸಿದರು. ಕೆಟ್ಟುದರ ನೆನಪಿನ ಚಿಪ್ಪಿನಲ್ಲಿದ್ದುದನ್ನೆಲ್ಲ ಓದಿ ಅವನು ಇನ್ನೊಂದಕ್ಕೆ ಬರೆದುಕೊಟ್ಟನು. ಟ್ರಾನ್ಸಿಸ್ಟರು ಸುಟ್ಟಿದ್ದರೂ ನೆನಪು ಅಳಿದಿರಲಿಲ್ಲ, ಅದೊಂದು ಪುಣ್ಯ.

ನಾಲ್ಕನೆಯ ದಿನ ಪೆಟ್ಟಿಗೆ ಮರಳಿತು. ಕೀಲಿಯ ದೀಪ ಆರಿತು, ಎಂಜಿನ್ನು ಮೊದಲ ಸುತ್ತಿನಲ್ಲಿಯೇ ಹೊತ್ತಿಕೊಂಡಿತು. ತುಸು ಹೊತ್ತು ಏರಿಳಿದು, ಪೆಟ್ರೋಲು ಗಾಳಿಗಳ ಲೆಕ್ಕವನ್ನು ಹೊಸದಾಗಿ ಕಲಿತು, ಸಮನಾಯಿತು. ಮಿಸ್ತ್ರಿ ಹಳೆಯ ಸಂಕೇತವನ್ನು ಅಳಿಸಿ, ಕೆಟ್ಟ ಪೆಟ್ಟಿಗೆಯನ್ನು ಎಸೆಯಬೇಡಿರೆಂದು ಹೇಳಿ, ಅದನ್ನು ಮಾಸ್ತರರ ಕೈಗಿತ್ತನು. ಆಯಿ ಅದನ್ನು ಒಣಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು.

ಮಣಿಪಾಲದ ವೈದ್ಯರು ಮುಂದಿನ ಪರೀಕ್ಷೆಗೆ ಸೋಮವಾರ ಬರಹೇಳಿದ್ದರು. ಭಾನುವಾರ ಸಂಜೆ, ಸುರಿಯುವ ಮಳೆಯಲ್ಲಿ, ತಂದೆ ಮಗಳು ಇಬ್ಬರೇ ಧಾರೇಶ್ವರದವರೆಗೆ ಮೂರು ಸಲ ಹೋಗಿ ಬಂದರು.